ಹೊಸತೊಡಕಿನ ದಿನ ತೋರಿಸದ ಎಲೆ

ನಮ್ಮ ಭಾವನ ಮೇಲೆ ನನಗೆ ಸಿಟ್ಟು ಹುಟ್ಟಿದ್ದು ಒಂದು ಮೂಟೆ ಬ್ಯಾಡಗಿ ಮೆಣಸಿನಕಾಯಿಯಿಂದ. ಭಾವ ಅಂದರೆ ನಮ್ಮ ಮನೆಯವರ ಅಣ್ಣ. ಮಾರೇನಹಳ್ಳಿಯಲ್ಲಿ ನಮ್ಮದು ಹಳೇ ಊರಿನ ಮನೆತನ. ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಕಟ್ಟಡ ನಿಂತಿದೆ. ಕೆಳಗೆ ರಸ್ತೆಗೆ ಮುಖ ಮಾಡಿ ಎರಡು ಅಂಗಡಿ, ಮೊದಲ ಮಹಡಿಯಲ್ಲಿ ಭಾವನ ಸಂಸಾರ, ಅದರ ಮೇಲೆ ನಾವು ಮತ್ತು ಅತ್ತೆ, ಅದಕ್ಕೂ ಮೇಲೆ ಬಾಡಿಗೆಗೆ ಗದಗದ ಕಡೆಯ ಹುಡುಗರು. ಕಟ್ಟಡ ಇರುವುದು ಅತ್ತೆಯ ಹೆಸರಿನಲ್ಲಿ. ಆದರೆ ಮೋಟಾರು ಯಾವಾಗ ಹಾಕಬೇಕು, ಗೇಟಿಗೆ ಯಾವ ಬಣ್ಣ ಹೊಡೆಸಬೇಕು, ಯಾರ ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲವೂ ಭಾವನ ತೀರ್ಮಾನವೇ. ನಮ್ಮ ಮನೆಯವರು ಅಣ್ಣ ಹಾಕಿದ ಗೆರೆ ದಾಟುವವರಲ್ಲ. ಅದನ್ನು ಅವರು ಮರ್ಯಾದೆ ಎನ್ನುತ್ತಾರೆ, ನಾನು ಬೇರೆ ಏನೋ ಎನ್ನುತ್ತೇನೆ.

ನಾನು ಮನೆಯಲ್ಲೇ ಹುಳಿಪುಡಿ, ಖಾರದಪುಡಿ, ಚಟ್ನಿಪುಡಿ ಮಾಡಿ ಮಾರುತ್ತಿದ್ದೆ. ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆಯಿಂದ ವಾಟ್ಸಾಪಿನಲ್ಲಿ ಆರ್ಡರ್ ಬರುತ್ತಿತ್ತು. ಡೆಲಿವರಿ ಹುಡುಗರು ಬಂದು ಗೇಟಿನ ಹತ್ತಿರ ನಿಂತು "ಆಂಟಿ" ಎಂದು ಕೂಗಿದರೆ ಸಾಕು, ಭಾವನಿಗೆ ಮೈಯೆಲ್ಲ ಉರಿ. ಒಂದು ಬೇಸಿಗೆಯಲ್ಲಿ ತಾರಸಿಯ ಮೇಲೆ ಹಳೇ ಸೀರೆ ಹಾಸಿ, ಒಂದು ಮೂಟೆ ಮೆಣಸಿನಕಾಯಿ ಒಣಹಾಕಿದ್ದೆ. ಅದೇ ದಿನ ಭಾವ ನೀರಿನ ಟ್ಯಾಂಕ್ ತೊಳೆಸಲು ಆಳುಗಳನ್ನು ಕರೆಸಿದರು. ಮೆಣಸಿನಕಾಯಿ ಇದೆಯಲ್ಲ, ನೀರು ಯಾವ ಕಡೆ ಬಿಡುವುದೆಂದು ಆಳುಗಳು ಕೇಳಿದರಂತೆ. ಬಿಡ್ರಯ್ಯ ಎಂದರಂತೆ ಭಾವ. ನಾನು ಓಡಿ ಹೋಗುವ ಹೊತ್ತಿಗೆ ಪಾಚಿ ನೀರಿನಲ್ಲಿ ಮೆಣಸಿನಕಾಯಿ ತೇಲುತ್ತಿತ್ತು. ಭಾವ ಫೋನು ನೋಡುತ್ತಲೇ, ನಾಳೆ ಬಿಸಿಲಿಗೆ ಒಣಗುತ್ತೆ ಬಿಡಮ್ಮ, ಹೇಗೂ ಆ ಘಾಟಿಗೆ ಬಾಡಿಗೆಯವರೆಲ್ಲ ಕೆಮ್ಮುತ್ತಿದ್ದರು ಎಂದರು. ಒಣಗಲಿಲ್ಲ, ಬೂಷ್ಟು ಹಿಡಿಯಿತು. ಅಷ್ಟನ್ನೂ ನಾನೇ ಹೊತ್ತು ಕಸದ ಗಾಡಿಗೆ ಸುರಿದೆ. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ಇಸಿದುಕೊಂಡ ಕ್ಷಮೆಯನ್ನು ಇಟ್ಟುಕೊಂಡು ನಾನೇನು ಮಾಡಲಿ?

ಮುಂದಿನ ವರ್ಷ ಕೆಳಗಿನ ಜೆರಾಕ್ಸ್ ಅಂಗಡಿಯವನು ಖಾಲಿ ಮಾಡಿದ. ಊಟಕ್ಕೆ ಎಲ್ಲರೂ ಕೂತಿದ್ದಾಗ ನಾನು ಬಾಯಿಬಿಟ್ಟು, ಆ ಅಂಗಡಿ ನನಗೆ ಕೊಡಿ, ಪುಡಿಗಳ ಅಂಗಡಿ ಇಡುತ್ತೇನೆ, ಬೇರೆಯವರು ಕೊಡುವಷ್ಟೇ ಬಾಡಿಗೆ ಕೊಡುತ್ತೇನೆ ಎಂದೆ. ಭಾವ ನಕ್ಕರು. ಈ ಮನೆಯ ಹೆಂಗಸರು ರೋಡಿನಲ್ಲಿ ಕೂತು ಖಾರದಪುಡಿ ಮಾರುವ ಕಾಲ ಬಂತೇ ಎಂದು ಅತ್ತೆಯನ್ನು ಕೇಳಿದರು. ಅಂಗಡಿಯನ್ನು ತಮ್ಮ ಹೆಂಡತಿಯ ತಮ್ಮನಿಗೆ, ಮೊಬೈಲ್ ಕವರ್ ಮಾರಲು, ಆಗಲೇ ಮಾತಾಡಿ ಆಗಿದೆ ಎಂದರು. ನಮ್ಮ ಮನೆಯವರು ಮುದ್ದೆ ಮುರಿಯುತ್ತಾ ಕೂತರು. ಅತ್ತೆ ಮಾತ್ರ, ಯುಗಾದಿ ಕಳೆಯಲಿ, ಆಮೇಲೆ ನೋಡೋಣ ಎಂದು ಮಾತು ಮುಗಿಸಿದರು.

ನನಗೆ ಆ ಅಂಗಡಿ ಬೇಕಿತ್ತು. ಅದು ಕಾರಣ ಕೊಟ್ಟು ಕೇಳಬಹುದಾದ ಆಸೆ. ಅದರ ಕೆಳಗೆ ಇನ್ನೊಂದಿತ್ತು: ಆ ಬೀಗದ ಕೈಯನ್ನು ಭಾವನೇ ತಂದು, ಎಲ್ಲರ ಎದುರಿಗೆ, ನನ್ನ ಕೈಗೆ ಹಾಕಬೇಕು. ಇದನ್ನು ನಾನು ಯಾರಿಗೂ ಹೇಳಲಿಲ್ಲ, ನಮ್ಮ ಮನೆಯವರಿಗೂ.

ಯುಗಾದಿಯ ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅದೇ ದೊಡ್ಡ ಹಬ್ಬ. ಬೆಳಕು ಹರಿಯುವ ಮೊದಲೇ ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ಗಂಡಸರು ಸಾಲು ನಿಲ್ಲುತ್ತಾರೆ. ಮಧ್ಯಾಹ್ನ ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು. ಉಂಡ ಮೇಲೆ ಇಸ್ಪೀಟು. ಅವತ್ತು ಎಲೆ ಹಿಡಿಯದವರು ನಮ್ಮಲ್ಲಿ ಕಡಿಮೆ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಂಬಿಕೆ. ಆದ್ದರಿಂದ ಅವತ್ತು ಯಾರೂ ಅಳಬಾರದು, ಸಾಲ ಕೇಳಬಾರದು, ಆಡಿದ ಮಾತು ತಪ್ಪಬಾರದು. ಸಂಜೆ ಪಡುವಣದಲ್ಲಿ ಬಿದಿಗೆ ಚಂದ್ರನನ್ನು ನೋಡಿ, ಹಿರಿಯರ ಕಾಲಿಗೆ ಬಿದ್ದರೆ ಹಬ್ಬ ಮುಗಿಯಿತು. ನಮ್ಮ ಮನೆಯಲ್ಲಿ ಇನ್ನೂ ಒಂದು ಇದೆ: ಬರಿಗೈಯಲ್ಲಿ ಚಂದ್ರನನ್ನು ನೋಡಬಾರದು. ಕೈಯಲ್ಲಿ ಕಾಳೋ ಬೀಜವೋ ಏನಾದರೂ ಇರಬೇಕು, ಇಲ್ಲವಾದರೆ ವರ್ಷವೆಲ್ಲ ಬರಿಗೈ. ಹಾಗೆ ನೋಡಿದ ಒಂದು ವರ್ಷವೇ ತಮ್ಮ ಟ್ರಾವೆಲ್ಸ್ ಗಾಡಿ ಕೈಬಿಟ್ಟು ಹೋಯಿತೆಂದು ಭಾವ ಈಗಲೂ ಹೇಳುತ್ತಾರೆ.

ಮೊದಲು ಆಡುತ್ತಿದ್ದದ್ದು ಮೂರೆಲೆ. ಲಾಕ್‌ಡೌನಿನಲ್ಲಿ ಭಾವನ ಮಗ, ಆಗ ಎಂಜಿನಿಯರಿಂಗ್ ಓದುತ್ತಿದ್ದವನು, ಫೋನಿನಲ್ಲಿ ಪೋಕರ್ ಕಲಿತು ಮನೆಗೆ ತಂದ. ಶುರುವಿಗೆ ಎಲ್ಲರೂ ಒಂದಿಷ್ಟು ಪಣ ನಡುವೆ ಇಡಬೇಕು, ಪ್ರತಿಯೊಬ್ಬರ ಕೈಗೆ ಎರಡೆರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ತೆರೆಯುತ್ತಾರೆ, ಆಮೇಲೆ ಒಂದು, ಕೊನೆಗೊಂದು. ಪ್ರತಿ ಸಲ ತೆರೆದಾಗಲೂ ಪಣ ಏರಿಸಬಹುದು, ಇಲ್ಲವೇ ಪ್ಯಾಕ್ ಮಾಡಿ ಎಲೆ ಬಿಸಾಡಬಹುದು. ಕೊನೆಗೆ ಕೈಯ ಎಲೆ, ನಡುವಿನ ಎಲೆ ಸೇರಿಸಿ ನೋಡಿದರೆ ಒಂದು ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರು ಎಲೆ ದೊಡ್ಡದು. ದುಡ್ಡಿಟ್ಟು ಆಡುವುದಕ್ಕೆ ಅತ್ತೆಯ ಒಪ್ಪಿಗೆ ಇರಲಿಲ್ಲ. ಆ ಹೊತ್ತಿಗೆ ವರ್ಷದ ಹುಣಸೆಹಣ್ಣು ಬಿಡಿಸಿ ಮುಗಿದಿರುತ್ತದೆ, ಬೀಜ ಮನೆತುಂಬ. ತಲೆಗೊಂದು ಲೋಟ ಹುಣಸೆಬೀಜ, ಅದೇ ನಮ್ಮ ಪಣ. ಆಟದಲ್ಲಿ ಉಳಿಸಿಕೊಂಡ ಬೀಜವನ್ನೇ ಹಿಡಿದು ಚಂದ್ರನನ್ನು ನೋಡಬೇಕು, ಬೇರೆ ತಂದುಕೊಂಡದ್ದು ಲೆಕ್ಕಕ್ಕಿಲ್ಲ ಎಂಬುದು ಭಾವನ ಹಠ.

ಆಟಕ್ಕೆ ಒಂದು ಕೈ ಕಡಿಮೆಯಾಗಿ ನನ್ನನ್ನು ಕೂರಿಸಿದರು. ಮೊದಲೆರಡು ವರ್ಷ ನಾನು ಬರೀ ಪ್ಯಾಕ್ ಮಾಡಿದೆ. ಭಾವ ನನಗೆ ಪ್ಯಾಕಮ್ಮ ಎಂದು ಹೆಸರಿಟ್ಟರು. ಬಂದ ನೆಂಟರಿಗೆಲ್ಲ ಹೇಳಿ ನಗಿಸಿದರು. ನಾನೂ ನಕ್ಕೆ. ಒಳಗೆ ಹಲ್ಲು ಕಚ್ಚಿಕೊಂಡು, ಎಲೆ ಬಿಸಾಡಿದ ಮೇಲೆ ಬೇರೇನು ಕೆಲಸ ಎಂದು ಅವರನ್ನೇ ನೋಡುತ್ತಾ ಕೂತೆ.

ನಮ್ಮ ಭಾವ ಗೆಲ್ಲುವಾಗ ಒಂದು ಮನುಷ್ಯ, ಸೋಲುವಾಗ ಇನ್ನೊಂದು. ಎರಡು ಆಟ ಸಾಲಾಗಿ ಗೆದ್ದರೆ ಸಾಕು, ಒಂದು ಕಾಲು ಮೇಲೆತ್ತಿ ಮಡಚಿ ಕೂರುತ್ತಾರೆ, ಗಂಟಲು ದೊಡ್ಡದಾಗುತ್ತದೆ, ಇವತ್ತು ನಂದೇ ಓಟ ಎನ್ನುತ್ತಾರೆ. ಆಮೇಲೆ ಎರಡನೇ ಎಲೆಯನ್ನು ನೋಡುವುದೇ ಇಲ್ಲ. ಎಂಥ ಎಲೆ ಬಂದರೂ ಆಡುತ್ತಾರೆ, ಏರಿಸುತ್ತಾರೆ, ಎಲ್ಲರೂ ಹೆದರಿ ಬಿಟ್ಟುಕೊಡುತ್ತಾರೆ. ಗೆಲುವು ಗೆಲುವನ್ನು ಎಳೆದು ತರುತ್ತದೆ ಎಂದು ಅವರ ಎಣಿಕೆ. ಎಲೆಗಳಿಗೆ ಹಿಂದಿನ ಆಟದ ನೆನಪು ಎಲ್ಲಿಂದ ಬರಬೇಕು? ಓಟ ಇದ್ದದ್ದು ಎಲೆಯಲ್ಲಲ್ಲ, ಎದುರಿಗೆ ಕೂತವರ ಹೆದರಿಕೆಯಲ್ಲಿ. ನಮ್ಮ ಮನೆಯವರಂತೂ ಕೈಯಲ್ಲಿ ರಾಣಿ ಜೋಡಿ ಇದ್ದರೂ ಅಣ್ಣನ ಗಂಟಲು ಕೇಳಿ ಪ್ಯಾಕ್ ಮಾಡುತ್ತಿದ್ದರು. ಅದೇ ಭಾವ ಎರಡು ದೊಡ್ಡ ಆಟ ಸೋತರೆ ಮೊದಲು ಲುಂಗಿ ಬಿಗಿ ಮಾಡಿಕೊಳ್ಳುತ್ತಾರೆ, ನೀರು ಕೇಳುತ್ತಾರೆ, ಎಲೆಯನ್ನು ಎತ್ತೆತ್ತಿ ನೋಡುತ್ತಾರೆ. ಆಗ ಅವರಷ್ಟು ಪುಕ್ಕಲು ಆಟಗಾರ ಮಾರೇನಹಳ್ಳಿಯಲ್ಲಿಲ್ಲ. ಆದರೆ ಅವರನ್ನು ಅಲ್ಲಿಯವರೆಗೆ ಯಾರೂ ತಂದು ನಿಲ್ಲಿಸುತ್ತಿರಲಿಲ್ಲ.

ಇದು ಗೊತ್ತಾದ ದಿನ ನನಗೆ ಎಂಥ ಖುಷಿಯಾಯಿತು ಎಂದರೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಭಾವನ ಮಗನನ್ನು ಹಿಡಿದು, ಅವನು ಊಟಕ್ಕೆ ಬಂದಾಗಲೆಲ್ಲ ಒಂದೆರಡು ಆಟ ಆಡಿಸಿಕೊಂಡೆ. ಚಿಕ್ಕಮ್ಮನಿಗೆ ಹೊತ್ತು ಹೋಗುತ್ತಿಲ್ಲ ಎಂದುಕೊಂಡ. ಹಾಗೇ ಅಂದುಕೊಳ್ಳಲಿ ಎಂದು ಬಿಟ್ಟೆ.

ಅಂಗಡಿಯ ಮಾತು ಎದ್ದ ವರ್ಷದ ಹೊಸತೊಡಕಿಗೆ ಭಾವನ ಬಾಮೈದನೂ ಬಂದಿದ್ದ. ತಾರಸಿಯ ಶೀಟಿನ ನೆರಳಿನಲ್ಲಿ ಜಮಖಾನ ಹಾಸಿ ಐದು ಜನ ಕೂತೆವು: ಭಾವ, ಅವರ ಮಗ, ಬಾಮೈದ, ನಮ್ಮ ಮನೆಯವರು, ನಾನು. ಅತ್ತೆ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತರು. ಅವತ್ತು ಶುರುವಿನಿಂದಲೇ ಭಾವನ ಓಟ. ನಮ್ಮ ಮನೆಯವರ ಲೋಟ ಬೇಗ ಖಾಲಿಯಾಯಿತು. ಬಾಮೈದನೂ ಎಲ್ಲಾ ಕಳೆದುಕೊಂಡ, ಅವನಿಗೆ ಅದರ ಚಿಂತೆ ಇರಲಿಲ್ಲ. ಅಂಗಡಿ ಜೇಬಿನಲ್ಲಿತ್ತಲ್ಲ. ಭಾವನ ಮಗ ತನ್ನ ಉಳಿದ ಬೀಜವನ್ನೂ ಸೋತು, ಇನ್ನು ನಾನು ಎಲೆ ಹಂಚುತ್ತೇನೆ ಎಂದು ಕೂತ. ಭಾವನ ಮುಂದೆ ಬೀಜದ ಗುಡ್ಡೆ. ನನ್ನ ಮುಂದೆ ಅರ್ಧ ಲೋಟ. ನಾನು ಅಲ್ಲಿಯವರೆಗೆ ಆಡಿದ್ದೇ ಇಲ್ಲ, ಪ್ಯಾಕ್ ಮಾಡುತ್ತಾ ಬಂದಿದ್ದೆ.

ಬಾಮೈದ ಆಗ ಮೆಲ್ಲಗೆ ಮಾತೆತ್ತಿದ, ಬೋರ್ಡ್ ಬರೆಯುವವನು ಕೇಳುತ್ತಿದ್ದಾನೆ, ಬೀಗದ ಕೈ ಯಾವಾಗ ಕೊಡುತ್ತೀರಿ ಎಂದು. ಭಾವ ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದರು. ಗೆಲ್ಲುತ್ತಿರುವ ಗಂಡಸಿಗೆ ಗೆದ್ದದ್ದು ಸಾಲುವುದಿಲ್ಲ, ಯಾರಾದರೊಬ್ಬರನ್ನು ಆಡಿಕೊಳ್ಳಬೇಕು.

"ನಿಂಗೂ ಬೇಕಲ್ವೇನಮ್ಮ ಅಂಗಡಿ? ಚಂದ್ರ ಕಾಣೋ ಹೊತ್ಗೆ ನನಗಿಂತ ಒಂದೇ ಒಂದು ಬೀಜ ಜಾಸ್ತಿ ಇಟ್ಕೊಂಡಿರು. ಬೀಗದ ಕೈ ನಾನೇ ತಂದು ಕೊಡ್ತೀನಿ."

ಅತ್ತೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಪಕ್ಕಕ್ಕೆ ಒತ್ತಿಕೊಂಡು, "ಹೊಸತೊಡಕಿನ ದಿನ ಆಡ್ತಾ ಇರೋ ಮಾತು ಕಣಪ್ಪ, ಯೋಚ್ನೆ ಮಾಡಿ ಆಡು" ಎಂದರು.

ಪ್ಯಾಕಮ್ಮನ ಹತ್ತಿರ ಯೋಚನೆ ಏನು ಬಂತು ಎಂದು ಭಾವ ನಕ್ಕರು. ಬಾಮೈದನೂ ನಕ್ಕ. ನಮ್ಮ ಮನೆಯವರು ನನ್ನನ್ನು ನೋಡಿದ ನೋಟದಲ್ಲಿ ಬೇಡ ಎಂಬುದು ಸ್ಪಷ್ಟವಾಗಿ ಇತ್ತು. ನಾನು ಸೋತರೆ ಏನು ಎಂದು ಕೇಳಿದೆ. ಸೋತರೆ ಇನ್ನು ಈ ಜನ್ಮದಲ್ಲಿ ಅಂಗಡಿಯ ಮಾತು ಎತ್ತಕೂಡದು, ತಾರಸಿಯ ಮೇಲೆ ಮೆಣಸಿನಕಾಯಿಯನ್ನೂ ಹಾಕಕೂಡದು ಎಂದರು ಭಾವ.

"ಆಗ್ಲಿ ಭಾವ" ಎಂದೆ.

ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೂರು ಹೊತ್ತೂ ಮನೆಯವರ ಮುಂದೆ ಕೈಯೊಡ್ಡದೆ ಇರುವಂತೆ ಮಾಡಿದ್ದದ್ದು ಆ ಪುಡಿಗಳ ಕೆಲಸ. ಅದನ್ನೇ ತೆಗೆದು ಅರ್ಧ ಲೋಟ ಹುಣಸೆಬೀಜದ ಪಕ್ಕದಲ್ಲಿ ಇಟ್ಟಿದ್ದೆ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಾಗಿತ್ತು.

ಮತ್ತೆ ಕೆಲವು ಆಟ ಸುಮ್ಮನೆ ಬಿಸಾಡಿದೆ. ಭಾವ ಇನ್ನಷ್ಟು ಹಿಗ್ಗಿದರು. ಆಮೇಲೆ ನನ್ನ ಕೈಗೆ ರಾಜನ ಜೋಡಿ ಬಂತು. ಭಾವ ಎಂದಿನಂತೆ ಒಂದೇ ಎಲೆ ನೋಡಿ ಹಿಡಿ ಬೀಜ ತಳ್ಳಿದರು. ನಾನು ನನ್ನದೆಲ್ಲ ತಳ್ಳಿದೆ. ಪ್ಯಾಕಮ್ಮ ಇಷ್ಟು ಹಾಕಿದಳೆಂದರೆ ಏನಿರಬಹುದು ಎಂದು ಬೇರೆ ಯಾರಾದರೂ ಒಂದು ಕ್ಷಣ ನಿಲ್ಲುತ್ತಿದ್ದರು. ಓಟದಲ್ಲಿದ್ದವರಿಗೆ ನಿಲ್ಲುವುದು ಎಲ್ಲಿ ಬರುತ್ತದೆ? ಅವರ ಹತ್ತಿರ ಇದ್ದದ್ದು ಎಂಟರ ಜೋಡಿ. ನನ್ನ ಅರ್ಧ ಲೋಟ ಪೂರ್ತಿಯಾಯಿತು. ಭಾವ ಅದೃಷ್ಟ ಎಂದು ತಲೆ ಕೊಡವಿ, ಕಳೆದದ್ದನ್ನು ಒಂದೇ ಏಟಿಗೆ ವಾಪಸ್ಸು ತರಲು ಮುಂದಿನ ಆಟದಲ್ಲಿ ಎರಡರಷ್ಟು ಹಾಕಿದರು. ನಾನು ಪ್ಯಾಕ್. ಅದರ ಮುಂದಿನದೂ ಪ್ಯಾಕ್. ಅವರಿಗೆ ಸಿಡಿಮಿಡಿ. ಮೂರನೆಯದರಲ್ಲಿ ನನ್ನ ಎಕ್ಕ ಮತ್ತು ಗುಲಾಮ ಎರಡಕ್ಕೂ ಜೋಡಿ ಸಿಕ್ಕಿತು. ಭಾವ ಸಿಟ್ಟಿನಲ್ಲೇ ಕೊನೆಯವರೆಗೂ ಬಂದರು, ದೊಡ್ಡ ಪಾಲು ನನ್ನ ಕಡೆ ಬಂತು.

ಭಾವ ಕಾಲು ಕೆಳಗಿಳಿಸಿದರು. ಲುಂಗಿ ಬಿಗಿ ಮಾಡಿಕೊಂಡರು. ನೀರು ಕೇಳಿದರು.

ಅಲ್ಲಿಂದ ನಾನು ನನ್ನ ಆಟವನ್ನು ಪೂರ್ತಿ ತಿರುಗಿಸಿದೆ. ಎಲೆ ಹೇಗಾದರೂ ಇರಲಿ, ಪ್ರತಿ ಆಟದಲ್ಲೂ ಏರಿಸಿದೆ. ಅವರು ಎಲೆ ಎತ್ತಿ ನೋಡುತ್ತಾರೆ, ಮತ್ತೆ ನೋಡುತ್ತಾರೆ, ಬಿಸಾಡುತ್ತಾರೆ. ಪ್ರತಿ ಸಲವೂ ಒಂದಿಷ್ಟು ಬೀಜ ನನ್ನ ಕಡೆ. ಎರಡು ವರ್ಷ ಪ್ಯಾಕ್ ಮಾಡಿ ಕಟ್ಟಿಕೊಂಡಿದ್ದ ಒಳ್ಳೇ ಹೆಸರನ್ನು ಅವತ್ತು ಚಿಲ್ಲರೆ ಚಿಲ್ಲರೆಯಾಗಿ ಖರ್ಚು ಮಾಡಿದೆ. ಒಂದು ಸಲ ಅವರು ಬಹಳ ಯೋಚಿಸಿ ಬಿಟ್ಟುಕೊಟ್ಟ ಮೇಲೆ, ಬೇಕೆಂತಲೇ ನನ್ನ ಎಲೆ ತಿರುಗಿಸಿ ಜಮಖಾನದ ಮೇಲಿಟ್ಟೆ. ಏಳು ಮತ್ತು ಎರಡು. ಅದಕ್ಕಿಂತ ದರಿದ್ರದ ಎಲೆ ಆ ಆಟದಲ್ಲಿಲ್ಲ. ಭಾವನ ಮುಖ ಕೆಂಪಾಯಿತು. ಅವರ ಮಗ, ಚಿಕ್ಕಮ್ಮ ಇದ್ಯಾವ ಹೊಸ ಅವತಾರ ಎಂದು ಕೇಳಿ, ಅಪ್ಪನ ಮುಖ ನೋಡಿ ಕಟ್ಟು ಕಲೆಸತೊಡಗಿದ. ನಾನು ಆ ಮುಖವನ್ನು ಕಣ್ತುಂಬ ನೋಡಿದೆ. ಪಾಚಿ ನೀರಿನಲ್ಲಿ ಕೈಯಾಡಿಸಿ ಮೆಣಸಿನಕಾಯಿ ಬಾಚಿಕೊಳ್ಳುವಾಗ ನನ್ನ ಮುಖವೂ ಹಾಗೇ ಇದ್ದಿರಬೇಕು. ಇನ್ನು ನನ್ನ ಹತ್ತಿರ ಎಲೆ ಇದೆಯೋ ಇಲ್ಲವೋ ಎನ್ನುವುದು ಅವರಿಗೆ ಯಾವ ರೀತಿಯಲ್ಲೂ ತಿಳಿಯುವಂತಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಹೊತ್ತು ಮುಳುಗಿತು. ಅಕ್ಕಪಕ್ಕದ ತಾರಸಿಗಳಲ್ಲೂ ಜನ ಹತ್ತಿ ಬಂದು, ಚಂದ್ರಾ ಲೇಔಟ್ ಕಡೆಯ ನೀರಿನ ಟ್ಯಾಂಕುಗಳ ಮೇಲೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಭಾವನ ಗುಡ್ಡೆ, ನನ್ನ ಗುಡ್ಡೆ ಹೆಚ್ಚು ಕಡಿಮೆ ಸಮಕ್ಕೆ ಬಂದಿದ್ದವು. ಭಾವನ ಮಗ ಎಲೆ ಹಂಚಿದ.

ನನಗೆ ಬಂದದ್ದು ಕಳಾವರ್ ಒಂಬತ್ತು, ಡೈಮನ್ ಐದು. ನಡುವೆ ತೆರೆದ ಮೊದಲ ಮೂರು ಎಲೆ: ಇಸ್ಪೀಟ್ ಒಂಬತ್ತು, ಆಟೀನ್ ರಾಜ, ಡೈಮನ್ ಒಂಬತ್ತು. ನನ್ನದೂ ಸೇರಿ ಮೂರು ಒಂಬತ್ತು. ಉಸಿರು ಬಿಡಲಿಲ್ಲ. ಭಾವ ಬಹಳ ಹೊತ್ತಿನ ಮೇಲೆ ತಾವಾಗಿ ಬೀಜ ಮುಂದಿಟ್ಟರು. ಅವರ ಹತ್ತಿರ ರಾಜ ಇದ್ದಾನೆ ಎಂದು ಆಗಲೇ ಗೊತ್ತಾಯಿತು. ನಾನು ಅಷ್ಟೇ ಇಟ್ಟೆ. ನಾಲ್ಕನೆಯದಾಗಿ ನಾಲ್ಕರ ಎಲೆ ಬಂತು, ಭಾವ ಮತ್ತೆ ಇಟ್ಟರು, ನಾನೂ ಇಟ್ಟೆ. ಕೊನೆಗೆ ಎರಡರ ಎಲೆ ಬಂತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ನಾನು ಮುಂದಿದ್ದ ಬೀಜವನ್ನೆಲ್ಲ ಎರಡೂ ಕೈಯಿಂದ ತಳ್ಳಿದೆ. ನೋಡಬೇಕೆಂದರೆ ಭಾವನೂ ತಮ್ಮದನ್ನೆಲ್ಲ ಹಾಕಬೇಕು. ಸೋತರೆ ಒಂದು ಬೀಜವೂ ಉಳಿಯುವುದಿಲ್ಲ.

ಅವರು ನನ್ನ ಮುಖ ನೋಡಿದರು. ನಡುವಿನ ಐದು ಎಲೆ ನೋಡಿದರು. ತಮ್ಮ ಬೀಜದ ಮೇಲೆ ಕೈ ಇಟ್ಟರು, ತೆಗೆದರು, ಇಟ್ಟರು. ಬಾಮೈದ, ಸುಳ್ಳು ಹೊಡೀತಿದಾರೆ ಭಾವ, ಹಾಕಿ ಎಂದ. ಅವನಿಗೆ ಅಂಗಡಿ ಮುಖ್ಯ, ಬರಿಗೈಯಾಗುವುದು ಅವನಲ್ಲವಲ್ಲ. ಬಿಟ್ಟುಕೊಟ್ಟರೆ ನಡುವೆ ಇದ್ದದ್ದು ನನಗೆ ಬಂದು ನನ್ನ ಗುಡ್ಡೆ ದೊಡ್ಡದಾಗುತ್ತದೆ, ಚಂದ್ರ ಕಂಡರೆ ಅಂಗಡಿ ಹೋಗುತ್ತದೆ. ಲೆಕ್ಕ ಇಷ್ಟೇ. ಹಾಕುವುದೊಂದೇ ಅವರಿಗಿದ್ದ ದಾರಿ. ಅಂಗಡಿ ಹೋದರೂ ಚಿಂತೆಯಿಲ್ಲ, ಚಂದ್ರನ ಎದುರು ಬರಿಗೈಯಲ್ಲಿ ಮಾತ್ರ ನಿಲ್ಲಲಾರೆ ಎಂಬ ಮನುಷ್ಯನಿಗೆ ಆ ಲೆಕ್ಕ ಕಾಣುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಲ್ಲವನ್ನೂ ತಳ್ಳಿದ್ದೆ.

ಭಾವ ಹಿಂದಕ್ಕೆ ತಿರುಗಿ ಪಡುವಣದ ಕಡೆ ನೋಡಿದರು. ಆಕಾಶದಲ್ಲಿ ಏನೂ ಇರಲಿಲ್ಲ. ಮುಖಕ್ಕೆ ಸ್ವಲ್ಪ ಜೀವ ಬಂತು.

"ಚಂದ್ರ ಇನ್ನೂ ಬಂದಿಲ್ಲ. ಇನ್ನೊಂದಾಟ ಇದೆ" ಎಂದು ತಮ್ಮ ಎಲೆಗಳನ್ನು ತೆರೆದೇ ಬಿಸಾಡಿದರು. ಎಕ್ಕ ಮತ್ತು ರಾಜ. ಇಂಥದ್ದನ್ನು ಬಿಟ್ಟಿದ್ದೇನೆ, ಈಗ ನಿನ್ನದು ತೋರಿಸು ಎಂಬ ಹಾಗೆ ನನ್ನ ಕಡೆ ಕೈ ಚಾಚಿದರು.

ನಾನು ನನ್ನ ಎರಡು ಎಲೆಗಳನ್ನು ಕವುಚಿದ ಹಾಗೇ ಎತ್ತಿ ಕಟ್ಟಿನೊಳಗೆ ಸೇರಿಸಿ ಕಲೆಸಿಬಿಟ್ಟೆ.

ಭಾವನ ಮಗ ಮುಂದಿನ ಆಟಕ್ಕೆ ಕಟ್ಟು ಎತ್ತಿಕೊಂಡ. ಇನ್ನೂ ಹಂಚಿರಲಿಲ್ಲ. ಕುರ್ಚಿಯಿಂದ ಅತ್ತೆ, "ಅಗೋ ಅಲ್ಲಿ, ಆ ಟವರ್ ಪಕ್ಕ, ಚಂದ್ರ" ಎಂದರು. ಉಗುರಿನ ತುಂಡಿನ ಹಾಗೆ ಕಾಣುತ್ತಿತ್ತು. ಎಲ್ಲರೂ ಎದ್ದು ನಿಂತೆವು. ಭಾವ ಒಂದು ಹಿಡಿ ಬೀಜ ಹಿಡಿದುಕೊಂಡು ಚಂದ್ರನನ್ನು ನೋಡಿದರು. ಕೈ ಬರಿದಾಗಿರಲಿಲ್ಲ, ಅಷ್ಟು ಮಾತ್ರ ಅವರ ಪಾಲಿಗೆ ಉಳಿದಿತ್ತು.

ಪದ್ಧತಿಯ ಪ್ರಕಾರ ನಾನು ಮೊದಲು ಅತ್ತೆಯ ಕಾಲಿಗೆ, ಆಮೇಲೆ ಭಾವನ ಕಾಲಿಗೆ ಬಿದ್ದೆ. ಅಷ್ಟು ಸಂತೋಷದಿಂದ ನಾನು ಯಾರ ಕಾಲಿಗೂ ಬಿದ್ದಿಲ್ಲ. ಅವರು ಒಳ್ಳೇದಾಗಲಿ ಎನ್ನಲೇಬೇಕಿತ್ತು, ಎಂದರು. ಬಾಮೈದ ತಾರಸಿಯಲ್ಲಿ ಕಾಣಲಿಲ್ಲ, ಯಾವಾಗ ಇಳಿದು ಹೋದನೋ. ಭಾವ, ಆಟಕ್ಕೆ ಆಡಿದ ಮಾತು ಎಂದೇನೋ ಶುರುಮಾಡಿದರು. ಅತ್ತೆ, ಹೋಗಿ ಬೀಗದ ಕೈ ತಗೊಂಡು ಬಾ ಎಂದಷ್ಟೇ ಹೇಳಿದರು. ಅವರು ಮೆಟ್ಟಿಲಿಳಿದು ಹೋಗಿ ತಂದರು. ಎಲ್ಲರ ಎದುರಿಗೆ ನನ್ನ ಕೈಗೆ ಹಾಕಿದರು. ನಾನು ಬಯಸಿದ್ದು ಒಂದು ಅಕ್ಷರವೂ ಆಚೀಚೆಯಾಗದೆ ನಡೆಯಿತು.

ಅಲ್ಲಿಗೆ ನನ್ನ ಸಿಟ್ಟು ತಣ್ಣಗಾಗಬೇಕಿತ್ತು ಎಂದು ನಮ್ಮ ಮನೆಯವರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅವತ್ತು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಭಾವ ನನ್ನನ್ನು ತಡೆದು, ಕೊನೇ ಆಟದಲ್ಲಿ ನಿನ್ನ ಹತ್ತಿರ ಏನಿತ್ತು ಎಂದು ಕೇಳಿದರು. ಅಂಗಡಿ ಹೋದದ್ದರ ಬಗ್ಗೆ ಮಾತಿಲ್ಲ. ಕೇಳಿದ್ದು ಆ ಎರಡು ಎಲೆಯನ್ನು. ಅವರ ಕಣ್ಣಿನಲ್ಲಿ ಇದ್ದದ್ದನ್ನು ನೋಡಿದ ತಕ್ಷಣ, ಬೀಗದ ಕೈಗಿಂತ ದೊಡ್ಡದೇನೋ ನನ್ನ ಕೈಗೆ ಬಂದಿದೆ ಎಂದು ತಿಳಿಯಿತು.

ಪ್ಯಾಕ್ ಮಾಡಿದವರಿಗೆ ತೋರಿಸುವ ರೂಲ್ಸ್ ಇಲ್ಲವಲ್ಲ ಭಾವ ಎಂದು ಹೇಳಿ ಇಳಿದೆ.

ಅಂಗಡಿ ನಡೆಯುತ್ತಿದೆ. ಹುಳಿಪುಡಿ ಹುರಿಯುವ ದಿನ ರಸ್ತೆಯಲ್ಲಿ ಹೋಗುವವರು ನಿಂತು ಒಳಗೆ ಬರುತ್ತಾರೆ. ಗದಗದ ಹುಡುಗರು ಶೇಂಗಾ ಚಟ್ನಿಪುಡಿ ಮಾಡಿಸಿಕೊಂಡು ಊರಿಗೂ ಒಯ್ಯುತ್ತಾರೆ, ಕೆಮ್ಮಿದ್ದನ್ನು ನಾನು ಕೇಳಿಲ್ಲ. ಘಾಟಿನ ಬಗ್ಗೆ ಈಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಭಾವ ಮಾತ್ರ ಸೊರಗಿದರು. ಮೊದಮೊದಲು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು, ತಮಾಷೆಯ ಧಾಟಿಯಲ್ಲಿ. ಒಂದು ಸಲ ಏನೂ ಇರಲಿಲ್ಲ ಎಂದೆ. ಅವತ್ತು ಅವರು ಊಟ ಬಿಟ್ಟರೆಂದು ಅಕ್ಕ, ಅಂದರೆ ಅವರ ಹೆಂಡತಿ, ಹೇಳಿದರು. ಇನ್ನೊಂದು ಸಲ ಎಕ್ಕದ ಜೋಡಿ ಇತ್ತು ಎಂದೆ. ಒಂದು ಎಕ್ಕ ನನ್ನ ಹತ್ತಿರ ಇತ್ತಲ್ಲ ಎಂದು ಲೆಕ್ಕ ಹಾಕುತ್ತಾ ಮೆಟ್ಟಿಲು ಹತ್ತಿದರು. ನೆಂಟರ ಮದುವೆಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಸಿಕ್ಕವರಿಗೆಲ್ಲ ಆ ಆಟ ಹೇಳಿ, ನೀವಾಗಿದ್ದರೆ ಹಾಕುತ್ತಿದ್ದಿರಾ ಬಿಡುತ್ತಿದ್ದಿರಾ ಎಂದು ಕೇಳುತ್ತಾರಂತೆ. ಹಾಕುತ್ತಿದ್ದೆವು ಎಂದೇ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು?

ಈ ವರ್ಷದ ಹೊಸತೊಡಕಿಗೆ ಭಾವ ತಾರಸಿಗೇ ಬರಲಿಲ್ಲ. ಮಂಡಿನೋವು ಎಂದರು. ಅವರ ಮಗ ನನ್ನನ್ನು ಪಕ್ಕಕ್ಕೆ ಕರೆದು, ಅಪ್ಪ ರೂಮಿನಲ್ಲಿ ಒಬ್ಬರೇ ಆ ಐದು ಎಲೆಯನ್ನು ಮಂಚದ ಮೇಲೆ ಹಾಸಿಕೊಂಡು ಕೂತಿರುತ್ತಾರೆ, ಏನಾದರೂ ಒಂದು ಹೇಳಿಬಿಡಿ ಚಿಕ್ಕಮ್ಮ ಎಂದ. ನಮ್ಮ ಮನೆಯವರೂ ಅವತ್ತು ಸಂಜೆ ಅದನ್ನೇ ಹೇಳಿದರು.

"ಪಾಪ ಕಣೇ. ಅಣ್ಣ ಬಿಟ್ಟಿದ್ದು ಸರಿನೋ ತಪ್ಪೋ ಅಷ್ಟು ಹೇಳ್ಬಿಡು."

ಸರಿಯಾಗಿಯೇ ಬಿಟ್ಟಿದ್ದರು. ಅದೇ ವಿಷಯ. ಹಾಕಿದ್ದರೆ ಅಂಗಡಿಯೂ ಹೋಗುತ್ತಿತ್ತು, ಬೀಜವೂ ಹೋಗುತ್ತಿತ್ತು, ಬರಿಗೈಯಲ್ಲಿ ಚಂದ್ರನ ಮುಂದೆ ನಿಲ್ಲಬೇಕಾಗಿತ್ತು. ಮೂರು ಒಂಬತ್ತಿದ್ದವು ಭಾವ, ನೀವು ಬಿಟ್ಟದ್ದೇ ಒಳ್ಳೆಯದಾಯಿತು ಎಂದು ನಾನು ಒಂದು ಮಾತು ಹೇಳಿದರೆ ಆ ಮನುಷ್ಯ ಇವತ್ತು ರಾತ್ರಿಯೇ ಗೊರಕೆ ಹೊಡೆದು ಮಲಗುತ್ತಾರೆ. ಆದ್ದರಿಂದಲೇ ಹೇಳುವುದಿಲ್ಲ. ಕೆಟ್ಟವಳು ಎನ್ನುವವರು ಎನ್ನಲಿ. ನಮ್ಮ ಮನೆಯವರಿಗೆ, ನಿಮ್ಮಣ್ಣನ ಮೇಲೆ ಪಾಪ ಅನ್ನಿಸಿದರೆ ನೀವ್ಯಾಕೆ ಅವರ ಜೊತೆ ಕೂತು ಆಡಬಾರದು ಎಂದೆ. ಅವರು ಟಿವಿ ಹಾಕಿಕೊಂಡರು.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಭಾವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅಂಗಡಿ ಶುರುವಾದ ಮೇಲೆ ಒಳಗೆ ಕಾಲಿಟ್ಟದ್ದು ಅದೇ ಮೊದಲು. ನಿಮ್ಮಕ್ಕನಿಗೆ ಹುಳಿಪುಡಿ ಬೇಕಂತೆ ಎಂದರು. ನಾನು ತೂಕಕ್ಕೆ ಹಾಕಿದೆ. ಅವರು ಗಾಜಿನ ಡಬ್ಬಗಳನ್ನು ನೋಡುತ್ತಾ ನಿಂತರು. ಗಡ್ಡ ಬೆಳೆದಿತ್ತು, ಹೊಟ್ಟೆ ಇಳಿದಿತ್ತು. ಆಮೇಲೆ ನನ್ನ ಕಡೆ ತಿರುಗದೆ, ಬಹಳ ಮೆತ್ತಗೆ ಕೇಳಿದರು.

"ಒಂಬತ್ತಿತ್ತಾ?"

ಅಷ್ಟು ದಿನ ಮಂಚದ ಮೇಲೆ ಎಲೆ ಹಾಸಿಕೊಂಡು ಕೂತು, ಕೊನೆಗೆ ಸರಿಯಾದ ಜಾಗಕ್ಕೆ ತಾವೇ ಬಂದು ನಿಂತಿದ್ದರು. ನಾನು ಹೌದು ಎನ್ನುವುದಷ್ಟೇ ಬಾಕಿ. ಪೊಟ್ಟಣದ ಬಾಯಿ ಮಡಚಿ, ಸ್ಟೇಪ್ಲರ್ ಒತ್ತಿ, ಅವರ ಕೈಗೆ ಕೊಟ್ಟೆ.

"ಯಾವ ಆಟದ್ದು ಭಾವ? ನಂಗೀಗ ನೆನಪೇ ಇಲ್ಲ" ಎಂದೆ.

ಅವರು ಜೇಬಿನಿಂದ ದುಡ್ಡು ತೆಗೆದು ತಕ್ಕಡಿಯ ಪಕ್ಕದಲ್ಲಿಟ್ಟರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೋದರು.